ತುಕ್ಕಿಲ್ಲದ ಉಕ್ಕಿನೊಳಗಣ ಬಿರುಕು

ಸ್ಟೇನ್‌ಲೆಸ್ ಸ್ಟೀಲ್ ಎಂದೊಡನೆ ನಮ್ಮ ಗೃಹಿಣಿಯರಿಗೆ ನೆನಪಾಗುವುವು ಥಳಥಳಿಸುವ ತಟ್ಟೆ ಲೋಟಗಳು. ಕಲಾಯಿಯ ಖರ್ಚಿಲ್ಲ, ಹುಣಿಸೆಹಣ್ಣು ಹಚ್ಚಿ ತಿಕ್ಕುವ ಶ್ರಮವಿಲ್ಲ, ತುಕ್ಕಿನ ಭಯವಿಲ್ಲ. ಅಡಿಗೆಮನೆಯ ಮಟ್ಟಿಗೆ ಈ ನಂಬಿಕೆ ಸರಿಯೇ. ಭಾರ ಹೊರುವೆಡೆಯಲ್ಲಿ ಇದೇ ನಂಬಿಕೆ ಅನರ್ಥಕ್ಕೆ ಎಡೆಮಾಡಬಲ್ಲುದೆಂಬುದಕ್ಕೆ ಸ್ವಿಟ್ಜರ್ಲೆಂಡಿನ ಊಸ್ಟರ್ ಪಟ್ಟಣದ ದುರಂತವೇ ಸಾಕ್ಷಿ.

ಅಲ್ಲಿನ ಒಳಾಂಗಣ ಈಜುಕೊಳ 1972ರಲ್ಲಿ ಆರಂಭವಾಯಿತು. ಕೊಳದ ಮೇಲಿನ ಕಾಂಕ್ರೀಟಿನ ಒಳಚಾವಣಿಯನ್ನು ಸ್ಟೇನ್‌ಲೆಸ್ ಉಕ್ಕಿನ ಸರಳುಗಳಿಂದ ತೂಗುಹಾಕಿದ್ದರು. 1985ರ ಮೇ 9ರಂದು ಆ ಚಾವಣಿ ಕುಸಿದು ಬಿದ್ದು 12 ಮಂದಿ ಅಸುನೀಗಿದರು. ಕಟ್ಟಡಕ್ಕೆ ಆಗಿನ್ನೂ 13 ವರ್ಷ.

ಕಾರಣವೇನು? ಉಕ್ಕಿನಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಕೂಡಿ, ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯೊಂದನ್ನು ಕಟ್ಟುತ್ತದೆ. ಗೀರು ಬಿದ್ದರೂ ಪೊರೆ ತಾನಾಗಿ ಕೂಡಿಕೊಳ್ಳುತ್ತದೆ. ಅದರ ವೈರಿ ಕ್ಲೋರೈಡು. ಕೊಳದ ನೀರಿಗೆ ಬೆರೆಸುವ ಕ್ಲೋರಿನ್ನು ಈಜುವವರ ಬೆವರು ಮೊದಲಾದವುಗಳೊಡನೆ ಸೇರಿ ಆವಿಯಾಗಿ ಮೇಲೇರಿ, ಸರಳುಗಳ ಮೇಲೆ ತೇವವಾಗಿ ಕೂರುತ್ತದೆ. ತೊಳೆಯುವವರಿಲ್ಲದೆ ಅಲ್ಲಿ ಕ್ಲೋರೈಡು ಸಾಂದ್ರವಾಗುತ್ತ ಹೋಗುತ್ತದೆ. ಪೊರೆ ಒಡೆದೆಡೆಯಲ್ಲಿ, ಮೊದಲೇ ಭಾರದಿಂದ ಜಗ್ಗಿರುವ ಲೋಹ ಒಳಗೊಳಗೇ ಸೀಳತೊಡಗುತ್ತದೆ. ತಜ್ಞರು ಇದನ್ನು ‘ಸ್ಟ್ರೆಸ್ ಕರೋಷನ್’ ಎನ್ನುತ್ತಾರೆ; ನಾವು ಸೆಳೆತದ ಕೊರೆತವೆನ್ನಬಹುದು. ಭಾರವೊಂದನ್ನೇ ಆದರೆ ಆ ಸರಳುಗಳು ತಾಳುತ್ತಿದ್ದವು. ಭಾರವೂ ಕ್ಲೋರೈಡೂ ಕೂಡಿದಾಗ ತಾಳಲಿಲ್ಲ. ಒಂದು ಸರಳು ಮುರಿದರೆ ಅದರ ಹೊರೆ ನೆರೆಯ ಸರಳಿನ ಮೇಲೆ ಬೀಳುತ್ತದೆ. ಹೀಗೆ ಸರಣಿಯಾಗಿ ಮುರಿದು ಇಡೀ ಚಾವಣಿ ಕೆಳಗಿಳಿಯಿತು.

ಲೋಹಕ್ಕೆ ಇನ್ನೊಂದು ವ್ಯಾಧಿಯುಂಟು; ಅದು ದಣಿವು. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿಯುವ ಮಕ್ಕಳಿಗೂ ಇದು ಗೊತ್ತು. ಯಂತ್ರಗಳಲ್ಲಿ ಹೊರೆ ಏರಿಳಿದಂತೆಲ್ಲ ಕೂದಲೆಳೆಯಂಥ ಬಿರುಕು ಹೆಜ್ಜೆ ಹೆಜ್ಜೆಯಾಗಿ ಮುಂದುವರಿಯುತ್ತದೆ. ಉಪ್ಪುನೀರು ಸೋಕಿದರೆ ಇನ್ನಷ್ಟು ಬೇಗ. ಉಕ್ಕಿನ ಬಲ ಹೆಚ್ಚಿದಂತೆ ಬಿರುಕನ್ನು ಸಹಿಸುವ ಗುಣ ಸಾಮಾನ್ಯವಾಗಿ ಕುಗ್ಗುವುದರಿಂದ, ಬಲಿಷ್ಠ ಉಕ್ಕನ್ನು ಮುರಿಯಲು ಸಣ್ಣ ಬಿರುಕೇ ಸಾಕು.

ಊಸ್ಟರಿನ ತರುವಾಯ ಈಜುಕೊಳಗಳ ಚಾವಣಿಯಲ್ಲಿ ಭಾರ ಹೊರುವ ಸರಳುಗಳಿಗೆ ಮಾಲಿಬ್ಡಿನಮ್ ಹೆಚ್ಚಾಗಿರುವ ಉಕ್ಕನ್ನು ಬಳಸಬೇಕೆಂದೂ ಕಾಲಕಾಲಕ್ಕೆ ಪರೀಕ್ಷಿಸಬೇಕೆಂದೂ ತಜ್ಞರು ವಿಧಿಸಿದರು. ಮನೆಯ ಪಾತ್ರೆಗಳ ಬಗ್ಗೆ ವಾಚಕರಿಗೆ ಅಂಜಿಕೆ ಬೇಡ. ಮಕ್ಕಳನ್ನು ಚಾವಣಿಯುಳ್ಳ ಈಜುಕೊಳಕ್ಕೆ ಕಳುಹಿಸುವ ತಂದೆತಾಯಿಗಳು ಮಾತ್ರ, “ಮೇಲಿನ ಸರಳುಗಳನ್ನು ಕಡೆಯ ಬಾರಿ ಪರೀಕ್ಷಿಸಿದ್ದು ಯಾವಾಗ?” ಎಂದು ಸಂಕೋಚವಿಲ್ಲದೆ ಕೇಳಬೇಕು. ಕಬ್ಬಿಣವಾದರೆ ಕೆಂಪು ತುಕ್ಕನ್ನುದುರಿಸಿ ಮೊದಲೇ ಎಚ್ಚರಿಸುತ್ತದೆ; ಹೊಳೆಯುವ ಉಕ್ಕಿನಿಂದ ಆ ಉಪಕಾರವನ್ನು ನಾವು ನಿರೀಕ್ಷಿಸುವಂತಿಲ್ಲ.