ಹತ್ತು ಪ್ರತಿಗೇ ನಿಲ್ಲಿಸುವುದೇಕೆ?

ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ರಾಜ್ಯ ಸರ್ಕಾರ 2024ರಲ್ಲಿ ಘೋಷಿಸಿ, ಸರ್ಕಾರಿ ಕಚೇರಿಗಳಲ್ಲೆಲ್ಲ ಅವರ ಭಾವಚಿತ್ರ ಹಾಕಲು ಹೇಳಿತು. ವಿಜಯಪುರ ಜಿಲ್ಲೆಯಲ್ಲಿ ಅವರ ಹುಟ್ಟೂರು ಬಸವನ ಬಾಗೇವಾಡಿಯಿರಲಿ, ಇಂಡಿ, ಸಿಂದಗಿ, ಮುದ್ದೇಬಿಹಾಳವಿರಲಿ, ಗೋಡೆಗೊಂದು ಚಿತ್ರ ಮುಟ್ಟಿಸುವುದು ಇವತ್ತು ದೊಡ್ಡ ಮಾತಲ್ಲ. ಕಲಾವಿದನ ಕೈಯಿಂದಲೇ ಬಂದ ಕೃತಿ ಮಾತ್ರ ಇಲ್ಲಿಗೆ ಬರುವುದು ಅಪರೂಪ. ಒಂದೇ ಪ್ರತಿಯ ಕೃತಿ ಉಳ್ಳವರ ಬೆನ್ನು ಹತ್ತಿ ಹೋಗುತ್ತದೆ. ವಿಜಯಪುರದ ಆದಿಲ್‌ಶಾಹಿ ಕಾಲದ ಸಚಿತ್ರ ಹಸ್ತಪ್ರತಿ 'ನುಜೂಮ್ ಅಲ್ ಉಲೂಮ್' ಇರುವುದು ಡಬ್ಲಿನ್‌ನಲ್ಲಿ. ಈ ಗಂಟನ್ನು ಬಿಡಿಸಬಲ್ಲ ಕಲೆ ಎಚ್ಚಿಂಗ್. ಅದಕ್ಕೂ ನಾವೇ ಬೇಲಿ ಹಾಕಿದ್ದೇವೆ ಎಂಬುದು ನನ್ನ ತಕರಾರು.

ತಾಮ್ರ ಇಲ್ಲವೇ ಸತುವಿನ ತಗಡಿಗೆ ಆಮ್ಲಕ್ಕೆ ಜಗ್ಗದ ಮೇಣದ ಲೇಪ ಬಳಿಯುತ್ತಾರೆ. ಸೂಜಿಯಿಂದ ಗೀರಿದಲ್ಲಿ ಲೋಹ ಬಯಲಾಗುತ್ತದೆ. ಆಮ್ಲದಲ್ಲಿ ಅದ್ದಿದರೆ ಅಷ್ಟನ್ನೇ ಅದು ತಿನ್ನುತ್ತದೆ. ಹೆಚ್ಚು ಹೊತ್ತು ಬಿಟ್ಟಷ್ಟೂ ಗೆರೆ ಆಳ, ಅಚ್ಚು ದಟ್ಟ. ಲೇಪ ತೆಗೆದು, ಗೆರೆಗೆ ಮಸಿ ತುಂಬಿ, ಮೇಲ್ಮೈ ಒರೆಸಿ, ನೆನೆಸಿದ ಕಾಗದವಿಟ್ಟು ಪ್ರೆಸ್ಸಿನ ಉರುಳೆಯಡಿ ಹಾಯಿಸಿದರೆ ಕಾಗದ ಮಸಿಯನ್ನು ಎಳೆದುಕೊಳ್ಳುತ್ತದೆ. ಗೆರೆ ತುಸು ಉಬ್ಬಿರುತ್ತದೆ, ಸುತ್ತ ತಗಡಿನಂಚು ಒತ್ತಿದ ಗುರುತಿರುತ್ತದೆ. ಮತ್ತೆ ಮಸಿ ತುಂಬಿದರೆ ಅದೇ ತಗಡಿನಿಂದ ಇನ್ನೊಂದು ಪ್ರತಿ. ಚಿತ್ರವನ್ನು ಹಲವು ಪ್ರತಿಯಾಗಿಸುವುದು ನಮಗೆ ಹೊಸದಲ್ಲ. 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿದ ರಾಜಾ ರವಿವರ್ಮ ಲಕ್ಷ್ಮಿ, ಸರಸ್ವತಿಯರನ್ನು ಮನೆಮನೆಗೆ ಕಳಿಸಿದರು. ಸಣ್ಣ ಕೆಲಸವೇನಲ್ಲ, ಆದರೂ ಅವು ಪೇಂಟಿಂಗ್ ನೋಡಿ ಕಲ್ಲಚ್ಚಿನಲ್ಲಿ ತೆಗೆದ ನಕಲುಗಳು. ಎಚ್ಚಿಂಗಿನ ಹಿಂದೆ ಬೇರೊಂದು ಅಸಲಿ ಇಲ್ಲ. ಪ್ರತಿಯೊಂದು ಹಾಳೆಯೂ ಅಸಲಿಯೇ.

ಹಾಗಿದ್ದರೆ ಅದೇಕೆ ಅಗ್ಗವಿಲ್ಲ ಎಂದು ಕೇಳಬಹುದು. ಡಚ್ ಕಲಾವಿದ ರೆಂಬ್ರಾಂಟ್‌ನ ಎಚ್ಚಿಂಗ್ ಒಂದಕ್ಕೆ ಬೆಲೆಯಿಂದಲೇ 'ನೂರು ಗಿಲ್ಡರ್ ಚಿತ್ರ' ಎಂದು ಹೆಸರು ನಿಂತಿದೆ. ಆದರೆ ಇವತ್ತು ಬೆಲೆ ಏರಿಸುವುದರಲ್ಲಿ ಹಾಳೆಯ ಕೆಳಗೆ ಪೆನ್ಸಿಲ್‌ನಲ್ಲಿ ಬರೆಯುವ 3/10 ಎಂಬ, ಅಂದರೆ ತೆಗೆದ ಹತ್ತೇ ಪ್ರತಿಗಳಲ್ಲಿ ಇದು ಮೂರನೆಯದು ಎಂಬ ಸಂಖ್ಯೆಯ ಪಾಲು ದೊಡ್ಡದು. ತಗಡು ಸವೆಯುತ್ತದಲ್ಲ ಎನ್ನುವ ಸಮರ್ಥನೆ, ಆಮ್ಲವಿಲ್ಲದೆ ಬರೀ ಸೂಜಿಯಿಂದ ಗೀರುವ ಡ್ರೈಪಾಯಿಂಟ್‌ಗೆ ಸರಿ. ಆಮ್ಲ ಆಳವಾಗಿ ತಿಂದ ತಾಮ್ರ ಹತ್ತಕ್ಕೆಲ್ಲ ದಣಿಯುವುದಿಲ್ಲ. ಉಕ್ಕಿನ ತೆಳುಲೇಪ ಕೊಟ್ಟರಂತೂ ನೂರಾರು ಪ್ರತಿಗೆ ತಾಳುತ್ತದೆ. ನೂರು ಹಾಳೆಗೆ ಒಂದೊಂದಾಗಿ ಮಸಿ ತುಂಬಿ ಒರೆಸುವ ಕೂಲಿ ಯಾರು ಕೊಡುತ್ತಾರೆ ಎಂಬ ಕಲಾವಿದರ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಅದನ್ನು ಸರ್ಕಾರ ಕೊಡಬೇಕು. ಲಲಿತಕಲಾ ಅಕಾಡೆಮಿ ಒಂದು ತಗಡಿನ ನೂರು ಪ್ರತಿಗೆ ಮುಂಗಡ ಕೊಟ್ಟು, ಬಂದ ಹಾಳೆಗಳನ್ನು ತಾಲ್ಲೂಕು ಗ್ರಂಥಾಲಯಗಳಿಗೆ ಹಂಚಲಿ. ಮೊದಲ ಕಂತು ಬೆಂಗಳೂರು ಬಿಟ್ಟು ಮೊದಲು ಹೇಳಿದ ಈ ನಾಲ್ಕು ತಾಲ್ಲೂಕುಗಳಿಂದ ಶುರುವಾಗಲಿ.