ತುಕ್ಕು ಹಿಡಿದ ತಿರುಪು, ಎಣ್ಣೆಯ ಲೆಕ್ಕ

ಕಳೆದ ತಿಂಗಳು ನಮ್ಮ ಮನೆಯ ಸಂಪಿನಿಂದ ಮೇಲಿನ ತೊಟ್ಟಿಗೆ ನೀರೆತ್ತುವ ಮೋಟಾರ್ ಕೆಟ್ಟಿತು. ಅದನ್ನು ರಿಪೇರಿಗೆ ಒಯ್ಯಬೇಕಾದರೆ ಕಟ್ಟೆಗೆ ಬಿಗಿದಿದ್ದ ನಾಲ್ಕು ಬೋಲ್ಟುಗಳನ್ನು ಬಿಚ್ಚಬೇಕು. ಹನ್ನೆರಡು ವರ್ಷ ತೇವದಲ್ಲೇ ಇದ್ದ ಅವುಗಳಲ್ಲಿ ಒಂದೂ ಅಲುಗಲಿಲ್ಲ. ಸ್ಪ್ಯಾನರಿನ ಹಿಡಿಗೆ ಪೈಪು ಸಿಕ್ಕಿಸಿ ಬಲ ಹಾಕಬಾರದೇಕೆ ಎಂದು ನಾನು ಕೇಳಿದಾಗ ಮೆಕ್ಯಾನಿಕ್ ಹುಡುಗ ನಕ್ಕುಬಿಟ್ಟ. "ಮುರಿದುಹೋಗತ್ತೆ ಸಾರ್. ಎಣ್ಣೆ ಹಾಕಿ ಬಿಡಿ, ನಾಳೆ ಬರ್ತೀನಿ" ಎಂದು ಹೇಳಿ ಹೊರಟುಹೋದ.

ಯಾವ ಎಣ್ಣೆ ಎಂಬುದನ್ನು ಆತ ಹೇಳಿರಲಿಲ್ಲ. ಮನೆಯಲ್ಲಿದ್ದ ಕೊಬ್ಬರಿ ಎಣ್ಣೆಯನ್ನು ನನ್ನ ಪತ್ನಿ ಮುಂದೆ ಮಾಡಿದರು. ಅದು ಮಂದವಾದದ್ದು, ಚಳಿಗೆ ಹೆಪ್ಪುಗಟ್ಟುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿದ್ದುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ನಟ್ಟು ಬೋಲ್ಟುಗಳ ನಡುವೆ ಆ ಜಾಗವಿಲ್ಲದ ಕಾರಣ ಎರಡೂ ಬೆಸೆದುಕೊಂಡಂತಾಗುತ್ತವೆ. ಉಳಿಯುವ ಕೂದಲೆಳೆಯಷ್ಟು ಬಿರುಕಿನೊಳಕ್ಕೆ, ದೀಪದ ಬತ್ತಿ ಎಣ್ಣೆ ಹೀರುವ ರೀತಿಯಲ್ಲಿ, ತಾನಾಗಿ ಇಳಿಯಬಲ್ಲ ತೆಳು ದ್ರವ ಬೇಕು. ಹಿಂದಿನವರು ಸೀಮೆಎಣ್ಣೆ ಬಳಸುತ್ತಿದ್ದುದು ಇದೇ ಕಾರಣಕ್ಕೆ. ನ್ಯಾಯಬೆಲೆ ಅಂಗಡಿಯ ಆ ನೀಲಿ ಸೀಮೆಎಣ್ಣೆ ಈಗ ನಗರವಾಸಿಗಳ ಕೈಗೆ ಸಿಗುವಂಥದಲ್ಲ. ಡೀಸೆಲ್ ಕೆಲಸ ಮಾಡುತ್ತದೆ, ಆದರೆ ನಿಧಾನ. ಬ್ರೇಕ್ ಆಯಿಲ್ ಹಾಕಿದರೆ ಸುತ್ತಲಿನ ಬಣ್ಣ ಕಿತ್ತುಬರುತ್ತದೆ.

ಅಂಗಡಿಯಾತ ಕೇಳುವ ಮೊದಲೇ ಕೈಗಿತ್ತದ್ದು ಡಬ್ಲ್ಯೂಡಿ-40. 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಇದು ರೂಪುಗೊಂಡದ್ದು ಲೋಹದಿಂದ ನೀರನ್ನು ದೂರವಿಡಲಿಕ್ಕೆ. ನಲವತ್ತನೆಯ ಪ್ರಯತ್ನದಲ್ಲಿ ಸಿದ್ಧಿಸಿತೆಂದು ಹೆಸರಿನಲ್ಲೇ ದಾಖಲಾಗಿದೆ. ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ತಾಗದಂತೆ ಇದನ್ನು ಬಳಸಿದರು. ತುಕ್ಕು ಬರುವ ಮೊದಲು ಇದು ಒಳ್ಳೆಯ ಕಾವಲುಗಾರ. ಹಿಡಿದುಹೋದ ಬೋಲ್ಟಿಗೆ ಇದಕ್ಕಿಂತ ವಾಸಿಯಾದವು ಇವೆ. ಅದಕ್ಕೆಂದೇ ಬೇರೆ ಡಬ್ಬಿಯನ್ನು ಅದೇ ಕಂಪನಿ ಮಾರುತ್ತದೆ ಎಂಬುದನ್ನು ಗಮನಿಸಿದರೆ ಸಾಕು. ಆಟೊಮ್ಯಾಟಿಕ್ ಗೇರಿನ ಎಣ್ಣೆಗೆ ಸಮಪಾಲು ಅಸಿಟೋನ್ ಬೆರೆಸುವ ಕ್ರಮಕ್ಕೂ ಕುಶಲಕರ್ಮಿಗಳಲ್ಲಿ ಹೆಸರಿದೆ. ಆದರೆ ಎರಡೂ ಬೇಗ ಬೇರ್ಪಡುತ್ತವೆ, ಪ್ರತಿ ಸಲ ಕುಲುಕಿ ಹಾಕಬೇಕು. ಅಸಿಟೋನ್ ಕಿಡಿ ಸೋಕಿದರೆ ಹೊತ್ತಿಕೊಳ್ಳುತ್ತದೆ. ಮನೆಯೊಳಗೆ ಈ ಪ್ರಯೋಗ ಬೇಡವೆಂಬುದು ನನ್ನ ಅಭಿಪ್ರಾಯ. ಯಾವುದನ್ನೇ ಹಾಕಿದರೂ ನಟ್ಟಿನ ತಲೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಒಂದು ರಾತ್ರಿ ಬಿಟ್ಟು, ಮತ್ತೆ ಹಾಕಬೇಕು. ಬಿಚ್ಚುವ ಮೊದಲು ತುಸು ಬಿಗಿಸಿದರೆ ತುಕ್ಕಿನ ಪದರ ಒಡೆಯುತ್ತದೆ.

ಇಷ್ಟನ್ನೆಲ್ಲ ಅರವತ್ತು ದಾಟಿದ ಮೇಲೆ ಕಲಿತ ನನಗೆ ಬಹಳ ಹಿಂದೆ ಬಂದಿದ್ದ ಒಂದು ಅರ್ಜಿ ನೆನಪಾಯಿತು.

1990ರ ದಶಕದ ಆರಂಭದಲ್ಲಿ ನಾನು ಬಯಲುಸೀಮೆಯ ಉಪವಿಭಾಗವೊಂದರ ಅಧಿಕಾರಿಯಾಗಿದ್ದೆ. ಅಲ್ಲಿನ ಒಂದು ಕೆರೆಯ ನೀರುಗಂಟಿ, ತೂಬಿನ ಬಾಗಿಲೆತ್ತುವ ತಿರುಪಿಗೆ ಎಣ್ಣೆ ಮತ್ತು ಗ್ರೀಸ್ ಕೊಡಿಸಬೇಕೆಂದು ಬರೆಸಿಕೊಂಡು ಬಂದಿದ್ದ. 'ನಿಯಮಾನುಸಾರ ಕ್ರಮಕ್ಕಾಗಿ' ಎಂದು ಷರಾ ಬರೆದು ಅದನ್ನು ಸಂಬಂಧಪಟ್ಟ ಕಚೇರಿಗೆ ಕಳುಹಿಸಿದೆ. ಆ ಕಚೇರಿಯಲ್ಲಿ ಎಣ್ಣೆಗೆಂದು ಲೆಕ್ಕಶೀರ್ಷಿಕೆ ಇರಲಿಲ್ಲ. ಮರುವರ್ಷ ಕೆರೆ ತುಂಬಿತು. ಸಸಿಮಡಿಗೆ ನೀರು ಬಿಡಬೇಕಾದ ದಿನ ತಿರುಪು ತಿರುಗಲಿಲ್ಲ. ಆರು ಜನ ಹಾರೆ ಕೊಟ್ಟು ತಿರುವಿದರು. ಕಂಬಿ ತಿರುಚಿ ತುಂಡಾಯಿತು. ನಾನು ಹೋಗಿ ನೋಡುವಾಗ ಏರಿಯ ಒಂದು ಬದಿಗೆ ತುಂಬಿದ ನೀರು, ಇನ್ನೊಂದು ಬದಿಗೆ ಹಳದಿಯಾದ ಪೈರು. "ಸ್ವಾಮಿ, ಎಣ್ಣೆ ಕಾಣ್ದೆ ಎಷ್ಟು ವರ್ಷ ಆಯ್ತೋ ಅದು" ಎಂದಷ್ಟೇ ನೀರುಗಂಟಿ ಹೇಳಿದ. ಅರ್ಜಿಯ ಮಾತನ್ನು ಆತ ಎತ್ತಲಿಲ್ಲ. ಹೊಸ ತೂಬಿನ ಅಂದಾಜು ಪಟ್ಟಿಗೆ ಮಂಜೂರಾತಿ ದೊರೆತದ್ದು ಐದು ತಿಂಗಳ ನಂತರ. ಆ ಕಾಮಗಾರಿಗೆ ಲೆಕ್ಕಶೀರ್ಷಿಕೆ ಇತ್ತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುವುದಾದರೆ ಇದು ವ್ಯಕ್ತಿಗಳ ಉದಾಸೀನಕ್ಕಿಂತ ದೊಡ್ಡ ದೋಷ. ಹೊಸದನ್ನು ಕಟ್ಟುವುದು ಬಂಡವಾಳ ವೆಚ್ಚ, ಇದ್ದುದಕ್ಕೆ ಎಣ್ಣೆ ಹಾಕುವುದು ರಾಜಸ್ವ ವೆಚ್ಚ. ರಾಜಸ್ವ ಕೊರತೆಯನ್ನು ಇಲ್ಲವಾಗಿಸುವ ಗುರಿಯೊಡನೆ 2002ರಲ್ಲಿ ನಮ್ಮ ರಾಜ್ಯ ವಿತ್ತೀಯ ಹೊಣೆಗಾರಿಕೆಯ ಕಾಯ್ದೆ ಮಾಡಿತು. ಕಾಯ್ದೆಯ ಉದ್ದೇಶ ಸರಿಯಾದದ್ದೇ, ನಾನೂ ಅದನ್ನು ಸಮರ್ಥಿಸಿದವನು. ಆದರೆ ಸಂಬಳ, ಪಿಂಚಣಿ, ಬಡ್ಡಿಯನ್ನು ಕಡಿಯಲು ಬರುವುದಿಲ್ಲ. ಕತ್ತರಿ ಬೀಳುವುದು ನಿರ್ವಹಣೆಗೆ. ಎಣ್ಣೆ ಕಾಣದ ತಿರುಪು ಮುರಿದು ಹೊಸದು ಬಂದಾಗ ಅದೇ ಖರ್ಚು ಬಂಡವಾಳವೆನಿಸಿ ಮುಂಗಡಪತ್ರದಲ್ಲಿ ಅಭಿವೃದ್ಧಿಯಾಗಿ ಕಾಣುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಎಣ್ಣೆ ಹಾಕಿದ್ದರೆ ಅದು ಉಳಿಯುತ್ತಿತ್ತೆಂದು ನಾನು ಹೇಳುತ್ತಿಲ್ಲ. ಏಳು ದಶಕ ಕಂಡ ಕಬ್ಬಿಣಕ್ಕೆ ಅದರದೇ ಆಯಸ್ಸಿದೆ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದವರ ಸಾಹಸಕ್ಕೆ ಮೆಚ್ಚುಗೆ ಸಂದದ್ದು ನ್ಯಾಯವೇ. ಆದರೆ ಮುರಿಯದ ಗೇಟನ್ನು ವರ್ಷವರ್ಷವೂ ತಿರುವಿ ನೋಡಿ ಗ್ರೀಸ್ ಹಚ್ಚಿ ಬಂದವನ ಹೆಸರು ಪತ್ರಿಕೆಯಲ್ಲಿ ಬಂದದ್ದನ್ನು ನಾನು ಕಂಡಿಲ್ಲ.

ಸರ್ಕಾರ ಮಾಡಬಹುದಾದ ಕೆಲಸ ಸಣ್ಣದು. ಪ್ರತಿ ಕೆರೆ ಮತ್ತು ಪಂಪ್‌ಹೌಸಿನ ಕೆಳಹಂತದ ನೌಕರನ ಕೈಗೆ, ಟೆಂಡರು ಕೊಟೇಶನ್ನುಗಳ ಗೊಡವೆಯಿಲ್ಲದೆ, ಎಣ್ಣೆ ಮತ್ತು ಗ್ರೀಸಿಗೆಂದೇ ಒಂದಿಷ್ಟು ಮುಂಗಡ ಹಣವಿರಲಿ. ತಿರುಪು ಕೊನೆಯ ಸಲ ತಿರುಗಿದ್ದು ಯಾವ ದಿನ ಎಂದು ಬರೆಯುವ ವಹಿಯೊಂದು ಅಲ್ಲೇ ತೂಗಲಿ. ತಪಾಸಣೆಗೆ ಹೋಗುವ ಅಧಿಕಾರಿ ಮೊದಲು ಆ ವಹಿಯನ್ನು ಕೇಳಲಿ, ಆಮೇಲೆ ತಿರುಪನ್ನು ತಾನೇ ಒಂದು ಸುತ್ತು ತಿರುವಿ ನೋಡಲಿ.

ನಮ್ಮ ಮೋಟಾರಿನ ಮೂರು ಬೋಲ್ಟುಗಳು ಮರುದಿನ ಬೆಳಿಗ್ಗೆ ಬಿಚ್ಚಿಕೊಂಡವು. ನಾಲ್ಕನೆಯದನ್ನು ಗರಗಸದಿಂದ ಕೊಯ್ಯಬೇಕಾಯಿತು. ಹೊಸ ಬೋಲ್ಟುಗಳಿಗೆ ಹುಡುಗ ಗ್ರೀಸ್ ಹಚ್ಚಿದ. ಬಿಡಿಸುವ ಎಣ್ಣೆ ಆರಿಹೋಗುತ್ತದೆ, ಅದನ್ನೇ ನಂಬಿದರೆ ಮತ್ತೆ ಹಿಡಿಯುತ್ತದೆ ಎಂದು ವಿವರಿಸಿದ. ಗ್ರೀಸಿಗೆ ಎಷ್ಟಾಯಿತೆಂದು ಕೇಳಿದೆ. ಬಿಲ್ಲಿನಲ್ಲಿ ಅದನ್ನು ಆತ ಸೇರಿಸಿಯೇ ಇರಲಿಲ್ಲ.