ಮಕ್ಕಳ ಆಯೋಗದ ಕೈ ಎಷ್ಟು ಉದ್ದ?



ಮಗುವಿನ ಬಗ್ಗೆ ಸಮಾಜ ಕಾರ್ಯಕರ್ತರು ಬರೆಯುವ ವರದಿಯೇ ತಪ್ಪಾಗಿದ್ದರೆ ಹೆತ್ತವರು ಯಾರಲ್ಲಿಗೆ ಹೋಗಬೇಕು? ಚೆನ್ನೈಗೆ ಕೂಲಿಗೆಂದು ಬಂದ ನಮ್ಮ ಕಡೆಯ ಕುಟುಂಬವೊಂದರ ಹೊಸ್ತಿಲಲ್ಲೇ ನಿಂತು, ತಮಿಳಿನಲ್ಲಿ ನಾಲ್ಕು ಪ್ರಶ್ನೆ ಕೇಳಿ ‘ವಿಚಾರಣೆ’ ಮುಗಿಸಿದ್ದನ್ನು ಕಂಡಿದ್ದೇನೆ. ದೂರು ಕೊಡಹೊರಟರೆ ಎಲ್ಲರೂ ಬೆರಳು ತೋರಿಸುವುದು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದತ್ತ. 2005ರ ಕಾಯ್ದೆಯಂತೆ ಅದು ಸಿವಿಲ್ ಕೋರ್ಟಿನಂತೆ ಸಾಕ್ಷಿ ಕರೆಸಬಹುದು, ಕಡತ ತರಿಸಬಹುದು. ಕೊನೆಗೆ ಸರ್ಕಾರಕ್ಕೆ ಶಿಫಾರಸು ಮಾಡಬಹುದು, ಹೈಕೋರ್ಟಿನ ಮೊರೆಹೋಗಬಹುದು, ಅಷ್ಟೆ. ಇಂಥ ವರದಿಯ ಮೇಲೆ ಮಕ್ಕಳ ಕಲ್ಯಾಣ ಸಮಿತಿ ಕೊಡುವ ಆದೇಶವನ್ನು ಆಯೋಗ ತಾನೇ ರದ್ದು ಮಾಡಲಾರದು. ಆ ಆದೇಶದ ವಿರುದ್ಧ 30 ದಿನದೊಳಗೆ ಮೇಲ್ಮನವಿ ಹಾಕಬೇಕು; ಸಮಿತಿಯ ಕಾರ್ಯವೈಖರಿಯ ದೂರಾದರೆ ಜಿಲ್ಲಾಧಿಕಾರಿಗೆ. ಆಯೋಗದ ಉತ್ತರಕ್ಕೆ ಕಾದು ಕೂತವರ ಗಡುವು ಅಷ್ಟರಲ್ಲಿ ಮುಗಿದಿರುತ್ತದೆ. ಈ ದಾರಿಯನ್ನು ಆದೇಶದ ಪ್ರತಿಯಲ್ಲೇ, ಹೆತ್ತವರಿಗೆ ತಿಳಿಯುವ ಭಾಷೆಯಲ್ಲಿ, ಅಚ್ಚು ಹಾಕಲು ಏನಡ್ಡಿ?

– ಓದುಗ, ಚೆನ್ನೈ